ಒಗೆಯುವ ಕಲ್ಲಿನ ಮೂರು ಅಮಾವಾಸ್ಯೆ

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಧ್ಯಾಹ್ನದ ಊಟ ಮುಗಿಸಿ, ಸಾಲಾಗಿ ನಿಂತ ಕಾರುಗಳ ಹಿಂದೆ ಕೂತು ಬೀಡಿ ಹಚ್ಚುತ್ತಾನೆ. ಅದರ ವಾಸನೆ ಮೂರನೇ ಮಹಡಿಯ ನಮ್ಮ ಬಾಲ್ಕನಿಗೆ ಏರಿ ಬರುತ್ತದೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಾಳೆ. ಅವಳು ಅತ್ತ ಹೋದ ಮೇಲೆ ನಾನು ತೆಗೆಯುತ್ತೇನೆ. "ಅಮ್ಮಂಗೆ ಆ ವಾಸನೆ ಇಷ್ಟ ಅಂತ ಕಾಣತ್ತೆ ರೀ, ಏನೋ ಇದೆ" ಎಂದು ಅವಳು ನನ್ನ ಮಗನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಎಂಬತ್ತು ದಾಟಿದರೂ ನನ್ನ ಕಿವಿ ಚುರುಕಾಗಿದೆ. ಅನುಮಾನದ ಸ್ವಭಾವದವರ ಕಿವಿ ಅಷ್ಟು ಸುಲಭಕ್ಕೆ ಮಂದವಾಗುವುದಿಲ್ಲ.

ಈ ಅಪಾರ್ಟ್‌ಮೆಂಟ್ ಏಳುವ ಮೊದಲು ಇದೇ ಜಾಗದಲ್ಲಿ ನಮ್ಮ ಹೆಂಚಿನ ಮನೆ ಇತ್ತು. ಅರವತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ಕೂಡುಮನೆ ಬಿಟ್ಟು ನಾವು ಇಲ್ಲಿಗೆ ಬಂದಾಗ ನೆಂಟರಿಷ್ಟರೆಲ್ಲ ನಾವು ಕಾಡಿಗೆ ಹೋದೆವು ಎಂದೇ ಮರುಗಿದರು. ಜಯನಗರದ ರಸ್ತೆಗಳಿಗೆ ನಂಬರು ಬಂದಿತ್ತು, ದೀಪ ಬಂದಿರಲಿಲ್ಲ. ನಮ್ಮ ಸಾಲಿನಲ್ಲಿ ಮೂರೇ ಮನೆ. ಒಂದು ಕೊತ್ತಂಬರಿ ಕಟ್ಟು ಬೇಕಾದರೂ ಗಾಂಧಿಬಜಾರಿಗೆ ನಡೆಯಬೇಕು. ಖಾಲಿ ಸೈಟುಗಳಲ್ಲಿ ಲಂಟಾನದ ಪೊದೆ, ಅದರ ನಡುವೆ ಯಾರೂ ಬಿತ್ತದೆಯೇ ಎದ್ದು ನಿಂತ ಹುಚ್ಚೆಳ್ಳಿನ ಹಳದಿ ಹೂವು. ಅಲ್ಲೆಲ್ಲ ಹಿಂದೆ ಹೊಲವಿತ್ತು ಎನ್ನುವುದಕ್ಕೆ ಉಳಿದಿದ್ದ ಗುರುತು ಅದೊಂದೇ. ಹೂವು ಚೆನ್ನಾಗಿದೆ ಎಂದುಕೊಂಡೆನೇ ಹೊರತು, ಅದು ಯಾರ ಹೊಲವಾಗಿತ್ತು ಎಂದು ನಾನು ಒಂದು ದಿನವೂ ಯೋಚಿಸಿದವಳಲ್ಲ. ಯೋಚಿಸಬೇಕಾದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಯೋಚಿಸುವುದು ನನ್ನ ಹುಟ್ಟುಗುಣ.

ಹಾಲಿನವನ ಎದುರಿಗೇ ಬೆರಳು ಅದ್ದಿ ಹಾಲಿನ ಗಟ್ಟಿತನ ನೋಡುತ್ತಿದ್ದೆ. ಎಣ್ಣೆ ಬಾಟಲಿಗೆ ದಾರ ಕಟ್ಟಿ ಗುರುತು ಮಾಡುತ್ತಿದ್ದೆ. ಚಪ್ಪರದ ಸೀಮೆಬದನೆಕಾಯಿಗೆ ಸುಣ್ಣದ ಬೊಟ್ಟು ಇಡುತ್ತಿದ್ದೆ, ಯಾರಾದರೂ ಕಿತ್ತರೆ ತಿಳಿಯಲಿ ಎಂದು. ಸೀಮೆಬದನೆಕಾಯಿಯನ್ನು ಯಾರಾದರೂ ಕದಿಯುತ್ತಾರೆಯೇ ಎಂದು ನಮ್ಮ ಯಜಮಾನರು ನಗುತ್ತಿದ್ದರು. "ನಿಮ್ಮಮ್ಮ ನಿನಗೆ ಹಾಲಿನ ಜೊತೆ ಅನುಮಾನ ಕುಡಿಸಿ ಬೆಳೆಸಿದಾರೆ" ಎನ್ನುವುದು ಅವರ ಮಾತು.

ಹನುಮಕ್ಕ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು ನಾವು ಒಕ್ಕಲಾದ ಎರಡನೇ ತಿಂಗಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹಣೆ ಬರಿದು. ಎಡಗಾಲಿನ ಕಿರುಬೆರಳು ಇರಲಿಲ್ಲ; ಚಿಕ್ಕವಳಿದ್ದಾಗ ಕುಡುಗೋಲು ತಗುಲಿ ಹೋಯಿತಂತೆ. ತಾನಾಗಿಯೇ ಗೇಟಿನ ಹತ್ತಿರ ಬಂದು ನಿಂತು, "ಕೆಲ್ಸಕ್ಕೆ ಯಾರಾದ್ರೂ ಬೇಕಾ ಅಮ್ಮಾವ್ರೆ? ಪಾತ್ರೆ, ಬಟ್ಟೆ, ಹಿತ್ಲ ಕೆಲ್ಸ ಎಲ್ಲಾ ಮಾಡ್ತೀನಿ" ಎಂದಳು. ಸಂಬಳ ಎಷ್ಟು ಎಂದು ಕೇಳಲೇ ಇಲ್ಲ. ನನ್ನ ಮೊದಲ ಅನುಮಾನ ಅಲ್ಲೇ ಹುಟ್ಟಿತು. ಯಾವ ಊರು ಎಂದರೆ ಪುಟ್ಟೇನಹಳ್ಳಿ ಎಂದಳು. ಎರಡನೆಯ ಅನುಮಾನ ಅದು. ಅಷ್ಟು ದೂರದಿಂದ ದಿನಾ ನಡೆದು ಬರುವವಳು ದಾರಿಯಲ್ಲಿ ಸಿಗುವ ಮನೆಗಳನ್ನೆಲ್ಲ ಬಿಟ್ಟು ನಮ್ಮ ಮನೆಗೇ ಯಾಕೆ ಬರಬೇಕು? ಆದರೆ ಕೈಯಲ್ಲಿ ಎಂಟು ತಿಂಗಳ ಕೂಸು, ಮನೆಯಲ್ಲಿ ಮಡಿಯ ಅತ್ತೆ. ಕೆಲಸದವರು ಸಿಕ್ಕಿದ್ದೇ ಪುಣ್ಯವೆಂದು ಒಪ್ಪಿಕೊಂಡೆ.

ಮೂರನೆಯದು ಆ ಕಲ್ಲಿನ ವಿಷಯ. ಪಾಯ ತೆಗೆಯುವಾಗ ಹಿತ್ತಿಲ ಮೂಲೆಯಲ್ಲಿ ಒಂದು ಚಪ್ಪಡಿ ನೆಟ್ಟಿದ್ದು ಸಿಕ್ಕಿತ್ತಂತೆ. ಹೊಲದ ಬಾಂದುಕಲ್ಲಿರಬೇಕು ಎಂದು ಯಜಮಾನರು ಅಂದುಕೊಂಡರು. ಮೇಸ್ತ್ರಿ ಅದನ್ನು ಕಿತ್ತು, ನಲ್ಲಿಯ ಪಕ್ಕ ಮಲಗಿಸಿ, "ಒಗೆಯೋ ಕಲ್ಲು ಪುಕ್ಸಟ್ಟೆ ಸಿಕ್ತು ಸಾರ್" ಎಂದು ಕೊಟ್ಟುಹೋಗಿದ್ದ. ಅಂಥ ಒಳ್ಳೆಯ ಕಲ್ಲು ಇರುವಾಗ ಹನುಮಕ್ಕ ಬಟ್ಟೆಯನ್ನು ಸಿಮೆಂಟಿನ ನೆಲದ ಮೇಲೆ ಉಜ್ಜುತ್ತಿದ್ದಳು. ಯಾಕೆ ಎಂದರೆ, "ಅದು ಜಾರ್ತದೆ ಅಮ್ಮಾವ್ರೆ" ಎನ್ನುತ್ತಿದ್ದಳು. ಹೋಗಲಿ ಎಂದರೆ, ದಿನಾ ಬೆಳಿಗ್ಗೆ ಬಂದವಳೇ ಒಂದು ಚೆಂಬು ನೀರು ಆ ಕಲ್ಲಿನ ಮೇಲೆ ಹುಯ್ದು, ಅಂಗೈಯಲ್ಲಿ ಸವರಿ, ಆಮೇಲೆ ಪೊರಕೆ ಮುಟ್ಟುತ್ತಿದ್ದಳು. ನಾನು ಅಡಿಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಮಗುವಿನ ಬಟ್ಟೆ ಮಾತ್ರ ನಾನೇ ಒಗೆಯುತ್ತಿದ್ದೆ, ಆ ಕಲ್ಲಿನ ಮೇಲೆಯೇ. ಅದು ಒಂದು ದಿನವೂ ಜಾರಲಿಲ್ಲ.

ಆ ವರ್ಷ ಆಷಾಢ ಮುಗಿಯುವವರೆಗೂ ಜಿಟಿಜಿಟಿ ಮಳೆ. ಭೀಮನ ಅಮಾವಾಸ್ಯೆಯ ದಿನ ಯಜಮಾನರ ಪಾದಪೂಜೆ ಮಾಡಿ, ಆಯಸ್ಸು ಗಟ್ಟಿಯಾಗಿರಲಿ ಎಂದು ಬೇಡಿಕೊಂಡು, ಕಡುಬು ತಿಂದು ಮಲಗಿದೆ. ಅಮಾವಾಸ್ಯೆಗೆ ಹನುಮಕ್ಕನಿಗೆ ರಜ; ಹೊಲಗೆಲಸದವರು ಆ ದಿನ ನೇಗಿಲು ಹೂಡುವುದಿಲ್ಲ, ಅದೇ ರೂಢಿ ಎಂದಿದ್ದಳು. ಸಂಜೆ ಕರಿಬೇವು ಕೀಳಲು ಹಿತ್ತಿಲಿಗೆ ಹೋದರೆ ಸೀಮೆಬದನೆ ಚಪ್ಪರದ ಕೆಳಗೆ ಮುತ್ತುಗದ ಎಲೆ. ಅದರ ಮೇಲೆ ಒಂದು ರಾಗಿಮುದ್ದೆ, ಪಕ್ಕದಲ್ಲಿ ಹುರುಳಿಕಾಳು, ಅಂಚಿನಲ್ಲಿ ಅರ್ಧ ಉರಿದು ಆರಿದ ಬೀಡಿ.

ಅತ್ತೆಯನ್ನು ಕರೆದೆ. ಅವರು ದೂರದಿಂದಲೇ ಇಣುಕಿ, ಸೆರಗು ಬಿಗಿ ಹಿಡಿದುಕೊಂಡರು.

"ಮಾಟ ಕಣೇ ವಿಶಾಲೂ! ಅಮಾವಾಸ್ಯೆ ದಿನ ನೋಡ್ಕೊಂಡು ಇಟ್ಟಿದಾರೆ. ಮಗು ಇರೋ ಮನೆ, ಮುಟ್ಟಬೇಡ, ಪೊರಕೇಲಿ ತಳ್ಳು."

ಪೊರಕೆಯಿಂದ ತಳ್ಳಿ, ಮೊರಕ್ಕೆ ಹಾಕಿ, ಕಾಂಪೌಂಡಿನ ಆಚೆಗೆ ಎಸೆದೆ. ಸಗಣಿ ನೀರು ಹುಯ್ದೆ. ಅತ್ತೆ ಮಗುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆದರೂ ವಾರದೊಳಗೆ ಮಗುವಿಗೆ ಕೆಮ್ಮು ಹಿಡಿಯಿತು. ಅಂಥಿಂಥ ಕೆಮ್ಮಲ್ಲ, ಮುಖ ಕೆಂಪಾಗಿ ಉಸಿರು ಸಿಕ್ಕಿಕೊಳ್ಳುವ ನಾಯಿಕೆಮ್ಮು. ಡಾಕ್ಟರು ಈ ಮಳೆಗೆ ಊರಲ್ಲೆಲ್ಲ ಇದೆ, ಮಳೆ ಕಳೆದ ಮೇಲೆ ತಾನಾಗಿ ನಿಲ್ಲುತ್ತದೆ ಎಂದರು. ನನಗೆ ಗೊತ್ತಿತ್ತು, ಊರಿನದು ಬೇರೆ, ನಮ್ಮದು ಬೇರೆ.

ಅಲ್ಲಿಂದ ನನಗೆ ಊಟ ರುಚಿಸಲಿಲ್ಲ. ಬೀಡಿ ನೆನೆಸಿಕೊಂಡು ಯಜಮಾನರ ಕೋಟಿನ ಜೇಬು ಮೂಸಿ ನೋಡಿದೆ. ಅಂಚೆಯವನನ್ನು ಗೇಟಿನಲ್ಲೇ ನಿಲ್ಲಿಸಿ, ಬಾಯಿ ವಾಸನೆ ಬರುವಷ್ಟು ಹೊತ್ತು ಮಾತಾಡಿಸಿದೆ. ಯಾರ ಮೇಲೂ ನಿಲ್ಲದೆ ನನ್ನ ಅನುಮಾನ ಮನೆಯೆಲ್ಲ ಅಲೆಯಿತು. ಶ್ರಾವಣದ ಅಮಾವಾಸ್ಯೆ ಬಂದಾಗ ನಾನೊಂದು ಉಪಾಯ ಮಾಡಿದೆ. ಹಿಂದಿನ ಓಣಿಗೆ ತೆರೆಯುವ ಸಣ್ಣ ಗೇಟಿನ ಒಳಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿದೆ. ಮಧ್ಯಾಹ್ನ ನಿದ್ದೆ ಮಾಡಬಾರದು ಎಂದುಕೊಂಡೆ. ಹಿಂದಿನ ರಾತ್ರಿ ಮಗು ಮಲಗಲು ಬಿಟ್ಟಿರಲಿಲ್ಲ, ಕಣ್ಣು ಹತ್ತಿಬಿಟ್ಟಿತು. ಎದ್ದು ಓಡಿ ಹೋಗಿ ನೋಡಿದರೆ ಚಪ್ಪರದ ಕೆಳಗೆ ಅದೇ ಎಲೆ, ಮುದ್ದೆ, ಬೀಡಿ. ಗೇಟಿನ ಹತ್ತಿರ ಬೂದಿಯಲ್ಲಿ ಬರಿಗಾಲಿನ ಹೆಜ್ಜೆ. ಎಡ ಹೆಜ್ಜೆಯಲ್ಲಿ ನಾಲ್ಕೇ ಬೆರಳು.

ಆಗ ನನಗೆ ಆದದ್ದು ಸಿಟ್ಟಲ್ಲ, ಗೆದ್ದ ಖುಷಿ. ಹಾಗೆ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಎಲೆಯನ್ನು ಮತ್ತೆ ಪೊರಕೆಯಿಂದ ಗುಡಿಸಿ ಆಚೆಗೆ ಎಸೆದೆ. ಮಾರನೆಯ ದಿನ ಪಾತ್ರೆ ತಿಕ್ಕುತ್ತಿದ್ದ ಹನುಮಕ್ಕನಿಗೆ ಕೇಳಿಸುವಂತೆ, "ಈಚೆಗೆ ಯಾರೋ ನಮ್ಮ ಹಿತ್ತಿಲಿಗೆ ನುಗ್ತಾ ಇದಾರೆ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಗಕ್ಕನೆ ನಿಂತಿತು. ಚಪ್ಪರದ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಮತ್ತೆ ತಿಕ್ಕತೊಡಗಿದಳು. ಅತ್ತೆ ಅಂದೇ ಬಿಡಿಸಿಬಿಡು ಎಂದರು. ನಾನು ಬೇಡ ಎಂದೆ. ಬಾಯಿಮಾತಿಗೆ ಇಲ್ಲ ಎಂದುಬಿಟ್ಟಾಳು. ಮುಂದಿನ ಅಮಾವಾಸ್ಯೆಗೆ ಕೈಯಾರೆ ಹಿಡಿದು, ಆಮೇಲೆ ಈ ಗೇಟಿನೊಳಗೆ ಇನ್ನೆಂದೂ ಕಾಲಿಡದ ಹಾಗೆ ಮಾಡುತ್ತೇನೆ ಎಂದು ಶಪಥ ಮಾಡಿದೆ.

ಮುಂದಿನದು ಮಹಾಲಯ ಅಮಾವಾಸ್ಯೆ. ನಮ್ಮ ಮಾವನವರ ಪಕ್ಷ ಚಾಮರಾಜಪೇಟೆಯಲ್ಲಿ ಭಾವನವರ ಮನೆಯಲ್ಲೇ ನಡೆಯುತ್ತಿತ್ತು. ಯಜಮಾನರೂ ಅತ್ತೆಯೂ ಬೆಳಿಗ್ಗೆಯೇ ಹೊರಟರು. ಕೆಮ್ಮುವ ಕೂಸನ್ನು ಹೊತ್ತು ಬಸ್ಸಿಗೆ ಏರುವುದು ಬೇಡವೆಂದು ನಾನು ಉಳಿದೆ. "ಬಾಗಿಲು ಭದ್ರ" ಎಂದು ಅತ್ತೆ ಮೂರು ಸಲ ಹೇಳಿದರು.

ಮನೆಯಲ್ಲಿ ನಾನೂ ಮಗುವೂ ಇಬ್ಬರೇ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಹೊರಗಿನಿಂದ ನೋಡಿದವರಿಗೆ ಅಷ್ಟು ಶಾಂತವಾದ ದಿನ ಇನ್ನೊಂದಿರಲಾರದು. ಹೊಟ್ಟಿನ ಒಲೆಗೆ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ತುಂಬಿ, ಗಟ್ಟಿಯಾಗಿ ಅದುಮಿದೆ. ಆ ಕೆಲಸಕ್ಕೆ ತಾಳ್ಮೆ ಬೇಕು. ಅವತ್ತು ಕೈ ಅದುಮುತ್ತಿದ್ದರೂ ಕಣ್ಣು ಹಿಂದಿನ ಗೇಟಿನ ಮೇಲೆ. ಬಾಟಲಿ ತೆಗೆದಾಗ ಹೊಟ್ಟು ಕುಸಿಯಿತು. ಮತ್ತೆ ಮೊದಲಿಂದ ತುಂಬಿದೆ. ಒಬ್ಬಳಿಗೆ ಎಂಥ ಅಡಿಗೆ? ಮೆಣಸಿನ ಸಾರಿಗೆ ಇಟ್ಟು, ಸೀಮೆಬದನೆಕಾಯಿ ಹೆಚ್ಚಿದೆ. ಅದರ ಸೊನೆ ಅಂಟಿ ಬೆರಳು ಬಿರುಸಾಯಿತು. ಮಗುವಿಗೆ ಬಜೆ ತೇದು ಜೇನುತುಪ್ಪದಲ್ಲಿ ನೆಕ್ಕಿಸಿದೆ. ನಡುಮನೆ ಒರೆಸಿದೆ. ಬಿಸಿಲಿಗೆ ಒಣಮೆಣಸಿನಕಾಯಿ ಹರಡಿದೆ. ಹಿತ್ತಿಲಿಗೆ ಹೋಗಿ ದಂಟಿನ ಮಡಿಯ ಕಳೆ ಕಿತ್ತೆ, ಜೋತುಬಿದ್ದ ಬಳ್ಳಿಯನ್ನು ಬಾಳೆನಾರಿನಿಂದ ಚಪ್ಪರಕ್ಕೆ ಎತ್ತಿ ಕಟ್ಟಿದೆ. ಮಗುವಿನ ಬಟ್ಟೆಗಳನ್ನು ಕಲ್ಲಿನ ಮೇಲೆ ಕುಸುಬಿ, ಹಿಂಡಿ, ಅಲ್ಲೇ ಗುಡ್ಡೆ ಹಾಕಿದೆ. ಒಣಗಲು ಹರವಲಿಲ್ಲ. ಹರವಿದರೆ ಮನೆಯಲ್ಲಿ ಜನ ಎದ್ದಿದ್ದಾರೆಂದು ತಿಳಿಯುತ್ತದೆ. ಮುಂದಿನ ಬಾಗಿಲು ಹಾಕಿ, ಪೊರಕೆ ಕೈಯಲ್ಲಿ ಹಿಡಿದು ಬಚ್ಚಲುಮನೆಯ ಕಿಟಕಿಯ ಹಿಂದೆ ನಿಂತೆ. ಮಗು ತೊಟ್ಟಿಲಲ್ಲಿ ಕೆಮ್ಮದೆ ಮಲಗಿತ್ತು. ಅದೂ ಕಾಯುತ್ತಿದೆಯೇನೋ ಎನಿಸಿತು.

ಎರಡು ಗಂಟೆಯಿರಬೇಕು. ಚಿಲಕ ಸದ್ದಿಲ್ಲದೆ ಎದ್ದಿತು. ಹನುಮಕ್ಕ ಒಗೆದ ಸೀರೆ ಉಟ್ಟು, ಬಟ್ಟೆ ಮುಚ್ಚಿದ ಕುಕ್ಕೆ ಹಿಡಿದು ಒಳಗೆ ಬಂದಳು. ಅತ್ತಿತ್ತ ನೋಡಲಿಲ್ಲ, ಕಳ್ಳರು ನೋಡುವ ಹಾಗೆ ನೋಡಲಿಲ್ಲವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಚಪ್ಪರದ ಕೆಳಗೆ ಕೂತು, ಅಂಗೈಯಿಂದ ನೆಲ ಸವರಿ, ಎಲೆ ಹಾಸಿ ಮುದ್ದೆ ಇಟ್ಟಳು. ಕಾಳಿನ ಸಾರು ಹುಯ್ದಳು. ಊದಿನಕಡ್ಡಿ ಹಚ್ಚಿ ಮಣ್ಣಿಗೆ ಚುಚ್ಚಿ, ಅದರ ಕಿಡಿಯಲ್ಲೇ ಬೀಡಿ ಹೊತ್ತಿಸಿ ಎಲೆಯ ಅಂಚಿಗೆ ಇಟ್ಟಳು. ತುಟಿ ಅಲ್ಲಾಡುತ್ತಿತ್ತು. ಮಂತ್ರ!

ನಾನು ಬಾಗಿಲು ದೂಡಿಕೊಂಡು ಹೊರಗೆ ಬಂದೆ.

"ಏನಿದು ಹನುಮಕ್ಕ? ಯಾರಿಗೆ ಮಾಟ ಮಾಡ್ತಾ ಇದೀಯ? ನನ್ನ ಮಗೂಗಾ?"

ಅವಳು ಬೆಚ್ಚಲಿಲ್ಲ, ತಿರುಗಲೂ ಇಲ್ಲ. ಎಡಗೈ ಅಂಗೈಯನ್ನು ನನ್ನ ಕಡೆ ಎತ್ತಿ ಹಿಡಿದಳು.

"ಒಂದ್ ಗಳಿಗೆ ತಡೀರವ್ವ. ಅವ್ರು ಉಣ್ಲಿ."

"ಯಾರು?"

"ನಮ್ ಯಜಮಾನ್ರು. ಇಲ್ಲೇ ಮಲಗವ್ರೆ."

ನಾನು ನೆಲ ನೋಡಿದೆ. ನನಗೆ ಗೊತ್ತಿಲ್ಲದೆಯೇ ಒಂದು ಕಾಲು ಮೇಲೆತ್ತಿದ್ದೆ.

"ನಮ್ ಹೊಲ ಕಣವ್ವ ಇದು. ಇಲ್ಲೇ ಮಣ್ಣು ಮಾಡಿದ್ವಿ. ಆಮ್ಯಾಕೆ ಸೈಟ್ ಮಾಡಕ್ಕೆ ಅಂತ ತಕ್ಕೊಂಡ್ರು. ನಾನು ತವರಿಗೆ ಹೋದೆ, ಪುಟ್ಟೇನಹಳ್ಳಿಗೆ. ಬಯಲಾಗಿದ್ದಾಗ ಬತ್ತಿದ್ದೆ, ಎಡೆ ಇಟ್ಟು ಹೋಗ್ತಿದ್ದೆ. ನೀವ್ ಕಾಂಪೌಂಡ್ ಹಾಕಿದ್ರಿ."

"ಅದಕ್ಕೇ ಕೆಲಸಕ್ಕೆ ಬಂದೆಯಾ?"

"ಇನ್ನೇನ್ ಮಾಡಾನೆ? ಕೆಲ್ಸದೋಳು ಅಂದ್ರೆ ಗೇಟು ತೆಗೀತಾರೆ."

"ಮೊದಲೇ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ಬಿಡ್ತಿದ್ರಾ?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದಳು. ಉತ್ತರ ನನಗೆ ಗೊತ್ತಿತ್ತು: ಪುರೋಹಿತರು ಬರುತ್ತಿದ್ದರು, ಶಾಂತಿ ಹೋಮ ಆಗುತ್ತಿತ್ತು, ಅತ್ತೆ ಆ ಮೂಲೆಯನ್ನು ಆಳುದ್ದ ಅಗೆಸಿ ಇದ್ದದ್ದನ್ನೆಲ್ಲ ಎತ್ತಿಸುತ್ತಿದ್ದರು.

"ಹೋದ್ ಅಮಾಸೇಲಿ ಪೊರಕೇಲಿ ಗುಡಿಸಾಕಿದ್ರಿ. ಅದ್ರ ಹಿಂದಿನ್ ಅಮಾಸೇಲೂವೆ. ಮಾರ್ನೆ ದಿನ ಬಂದು ನೋಡ್ದೆ" ಎಂದಳು.

"ಏನೂ ಅನ್ನಲಿಲ್ಲವಲ್ಲ ನೀನು."

"ಏನ್ ಅನ್ನಾನೆ? ಮನೆ ನಿಮ್ದು."

ಕೈಯಲ್ಲಿದ್ದ ಪೊರಕೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೆ. ಆಗ ಪಕ್ಕದ ಸೈಟಿನಿಂದ ಒಂದು ಕಾಗೆ ಬಂದು ಚಪ್ಪರದ ಗಳುವಿನ ಮೇಲೆ ಕೂತಿತು. ಇಬ್ಬರೂ ಉಸಿರು ಹಿಡಿದೆವು. ಅದೇ ಹೊತ್ತಿಗೆ ಚಾಮರಾಜಪೇಟೆಯ ಮನೆಯ ತಾರಸಿಯಲ್ಲಿ ನಮ್ಮವರು ಪಿಂಡ ಇಟ್ಟು, ಹಸಿದ ಹೊಟ್ಟೆಯಲ್ಲಿ "ಕಾ ಕಾ" ಎಂದು ಆಕಾಶ ನೋಡುತ್ತಿದ್ದರು. ಕಾಗೆ ಮುಟ್ಟಲಿಲ್ಲವೆಂದರೆ ಹಿರಿಯರಿಗೆ ಏನೋ ಕೊರತೆಯಾಗಿದೆ ಎಂದು ಅತ್ತೆ ಕಣ್ಣೀರು ಹಾಕುತ್ತಿದ್ದರು. ನಾವು ಮಾಡಿದರೆ ಶ್ರಾದ್ಧ. ಅದೇ ಅನ್ನ ರಾಗಿಯದಾಗಿ, ಪಕ್ಕದಲ್ಲಿ ಒಂದು ಬೀಡಿ ಇದ್ದುದಕ್ಕೆ ನನ್ನ ಕಣ್ಣಿಗೆ ಮಾಟವಾಗಿತ್ತು. ಕಾಗೆ ಇಳಿದು ಬಂದು ಮುದ್ದೆಯನ್ನು ಕುಕ್ಕಿತು.

"ಬಂದ್ರು" ಎಂದಳು ಹನುಮಕ್ಕ. ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ನನ್ನ ಕಣ್ಣು ನಲ್ಲಿಯ ಕಡೆ ಹೋಯಿತು. ದಿನಾ ಒಂದು ಚೆಂಬು ನೀರು, ಅಂಗೈಯಲ್ಲಿ ಸವರುವುದು. "ಆ ಕಲ್ಲು?" ಎಂದೆ.

"ತಲೆದೆಸೇಲಿ ನೆಟ್ಟಿದ್ದು."

ಅದರ ಮೇಲೆ ನನ್ನ ಮಗುವಿನ ಬಟ್ಟೆಯ ಗುಡ್ಡೆ. ನಾಲ್ಕು ತಿಂಗಳಿಂದ ಕಕ್ಕದ ಬಟ್ಟೆಯನ್ನೆಲ್ಲ ಅಲ್ಲಿಯೇ ಕುಸುಬಿದ್ದೇನೆ, ಅವಳ ಕಣ್ಣೆದುರಿಗೇ. ಪೊರಕೆ ಬಿಸಾಡಿ ಓಡಿಹೋಗಿ ಬಟ್ಟೆಗಳನ್ನು ಬಾಚಿ ಎದೆಗೆ ಅವಚಿಕೊಂಡೆ. ರವಿಕೆಯೆಲ್ಲ ಒದ್ದೆಯಾಯಿತು. ಅಳು ಬಂದುಬಿಟ್ಟಿತು.

"ಇರ್ಲಿ ಬುಡಿ ಅಮ್ಮಾವ್ರೆ. ಮಗೀನ್ ಬಟ್ಟೆ ತಾನೆ" ಎಂದಳು. "ಅವ್ರಿಗೆ ಮಕ್ಳು ಅಂದ್ರೆ ಪ್ರಾಣ. ನಮ್ಗೆ ಆಗ್ಲಿಲ್ಲ."

ಸಂಜೆ ಅತ್ತೆ ಗೇಟಿನಲ್ಲೇ ಕೇಳಿದರು, ಸಿಕ್ಕಿದಳೇ ಎಂದು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಸುಳ್ಳು ಹೇಳಿದೆ. "ಯಾರೂ ಅಲ್ಲಮ್ಮ, ನಾಯಿ. ಎಲ್ಲಿಂದಲೋ ಕಚ್ಚಿಕೊಂಡು ಬಂದು ಹಾಕತ್ತೆ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೀಡೀನೂ ನಾಯೀನೇ ಸೇದಿತೇನೇ?"

ಆ ಅನುಮಾನವನ್ನು ಅವರು ಸಾಯುವವರೆಗೂ ಬಿಡಲಿಲ್ಲ. ನಾನೂ ಬಿಟ್ಟುಕೊಡಲಿಲ್ಲ. ಮಗುವಿನ ಕೆಮ್ಮು ದಸರೆಯ ಹೊತ್ತಿಗೆ, ಡಾಕ್ಟರು ಹೇಳಿದ್ದ ಹಾಗೆಯೇ, ತಾನಾಗಿ ನಿಂತಿತು. ಒಗೆಯುವ ಕಲ್ಲು ಜಾರುತ್ತದೆ ಎಂದು ನಾನೇ ಮನೆಯಲ್ಲಿ ಸಾರಿ, ಅದನ್ನು ಚಪ್ಪರದ ಕೆಳಗೆ ಸಾಗಿಸಿ ನಿಲ್ಲಿಸಿದೆ. ಯಜಮಾನರು ಕಾರಣ ಕೇಳಿದರೆ ಬಳ್ಳಿಗೆ ಆಸರೆ ಎಂದೆ. ಅಮಾವಾಸ್ಯೆಯ ಮಧ್ಯಾಹ್ನ ಹಿಂದಿನ ಗೇಟಿನ ಚಿಲಕವನ್ನು ನಾನೇ ತೆಗೆದಿಟ್ಟು, ಅತ್ತೆಯ ಕಾಲೊತ್ತುತ್ತಾ ಕೂರುತ್ತಿದ್ದೆ, ಅವರು ಏಳದಿರಲಿ ಎಂದು. ಹನುಮಕ್ಕ ಹದಿನೇಳು ವರ್ಷ ಬಂದಳು. ಆಮೇಲೆ ಒಂದು ದಿನ ಅವಳ ತಮ್ಮನ ಮಗಳು ಬಂದು, ತನ್ನ ಅತ್ತೆ ಹೋದರು ಎಂದು ಹೇಳಿ, ನಿಂತ ಕಾಲಲ್ಲೇ ಹೊರಟಳು. ಹನುಮಕ್ಕನನ್ನು ಎಲ್ಲಿ ಮಣ್ಣು ಮಾಡಿದರು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಆ ಚಪ್ಪರದ ಕೆಳಗಂತೂ ಅಲ್ಲ. ಅದೊಂದು ನನ್ನನ್ನು ಇನ್ನೂ ಕೊರೆಯುತ್ತದೆ.

ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವಾಗ ನಾನು ಬೇರೆ ಏನನ್ನೂ ಕೇಳಲಿಲ್ಲ, ಆ ಕಲ್ಲೊಂದನ್ನು ಬಾಲ್ಕನಿಗೆ ಹೊರಿಸಿದೆ. ತುಳಸಿಕುಂಡಕ್ಕೆ ಪೀಠ ಎಂದೆ. ಮೂರು ಮಹಡಿ ಕಲ್ಲು ಹೊರಿಸುವ ಮುದುಕಿಯ ತಲೆ ಸರಿಯಿದೆಯೇ ಎಂದು ಸೊಸೆಗೆ ಆಗಲೇ ಅನುಮಾನ ಹುಟ್ಟಿರಬೇಕು. ಕೆಳಗೆ ಚಪ್ಪರವಿದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ವಾಚ್‌ಮನ್ ಊಟ ಮಾಡಿ ಬೀಡಿ ಸೇದುವುದು ಸರಿಯಾಗಿ ಅಲ್ಲಿಯೇ. ಅವನನ್ನು ಎಬ್ಬಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಹೋದ ಅಮಾವಾಸ್ಯೆಯ ಮಧ್ಯಾಹ್ನ ಸೊಸೆ ಮಲಗಿದ್ದಾಳೆಂದುಕೊಂಡು ಕಲ್ಲಿನ ಮುಂದೆ ಎಲೆ ಹಾಕಿದೆ. ಈಗ ಎರಡು ಮುದ್ದೆ ಇಡುತ್ತೇನೆ. ಅಂಗಡಿಯಿಂದ ನಾನೇ ತಂದ ಬೀಡಿಗೆ ಕಡ್ಡಿ ಗೀರಿ, ಅಂಚಿಗೆ ಇಟ್ಟು ಕೂತೆ. ಹಿಂದೆ ಬಾಗಿಲು ಸರಿದ ಸದ್ದಾಯಿತು.

"ಏನಮ್ಮಾ ಇದು? ಏನು ಮಾಡ್ತಿದೀರಾ ನೀವು?"

ನೆಲದ ಮೇಲೆ ಅವಳ ನೆರಳು ಬಿದ್ದಿತ್ತು. ಆ ನೆರಳಿನ ಕೈಯಲ್ಲಿ ಪೊರಕೆ.

ನಾನು ತಿರುಗಲಿಲ್ಲ. ಅಂಗೈ ಎತ್ತಿ ಹಿಡಿದೆ.

"ಒಂದು ಗಳಿಗೆ ತಡಿಯಮ್ಮ. ಅವರು ಉಣ್ಣಲಿ. ಆಮೇಲೆ ಕೂತು ಎಲ್ಲಾ ಹೇಳ್ತೀನಿ."